ಡಬ್ಬಿಯ ಮೇಲಿಲ್ಲದ ಹೆಸರು

ಹಳೆಯ ಡೆಸ್ಕ್‌ಟಾಪ್‌ಗೆ ವೈ-ಫೈ ಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಅಂಗಡಿಯಲ್ಲಿ ಕೇಳಿ. ಗಾಜಿನ ಕೌಂಟರಿನಿಂದ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಿರುವ ಯುಎಸ್‌ಬಿ ಅಡಾಪ್ಟರ್ ತೆಗೆದು ಮುಂದಿಡುತ್ತಾರೆ. ಮುನ್ನೂರರಿಂದ ಐನೂರು ರೂಪಾಯಿಯೊಳಗೆ ಸಿಗುತ್ತದೆ. ಡಬ್ಬಿಯ ಮೇಲೆ ವೇಗವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಆಮದು ಮಾಡಿಕೊಂಡವರ ವಿಳಾಸ, ಗರಿಷ್ಠ ಮಾರಾಟ ಬೆಲೆ, ತಯಾರಾದ ದೇಶ, ದೂರು ಹೇಳಲು ಫೋನ್ ನಂಬರ್ ಎಲ್ಲವೂ ಇರುತ್ತವೆ. ಒಳಗಿರುವ ಚಿಪ್ ಯಾವುದೆಂದು ಮಾತ್ರ ಬರೆದಿರುವುದಿಲ್ಲ. ಮನೆಗೆ ತಂದು ಸಿಕ್ಕಿಸಿದ ಮೇಲೆ ಅಡಾಪ್ಟರ್ ಕೆಲಸ ಮಾಡುತ್ತದೋ ಇಲ್ಲವೋ ಎನ್ನುವುದು ಬಹುಪಾಲು ನಿಂತಿರುವುದು ಆ ಚಿಪ್‌ನ ಮೇಲೆಯೇ.

ಅಡಾಪ್ಟರ್ ಮಾರುವ ಬ್ರ್ಯಾಂಡ್‌ಗಳಿಗೆ ಲೆಕ್ಕವಿಲ್ಲ. ಕೆಲವಕ್ಕಂತೂ ಹೆಸರೇ ಇಲ್ಲ, ಬರೀ ‘ವೈರ್‌ಲೆಸ್-ಎನ್’ ಎಂದಿರುತ್ತದೆ. ಒಳಗಿನ ಚಿಪ್ ಮಾಡುವ ಕಂಪನಿಗಳನ್ನಾದರೆ ಬೆರಳಲ್ಲಿ ಎಣಿಸಬಹುದು. ಅಗ್ಗದ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ತೈವಾನಿನ ರಿಯಲ್‌ಟೆಕ್ ಮತ್ತು ಮೀಡಿಯಾಟೆಕ್ ಚಿಪ್‌ಗಳು. ರಾಲಿಂಕ್ ಎಂಬ ಇನ್ನೊಂದು ತೈವಾನ್ ಕಂಪನಿಯಿತ್ತು, 2011ರಲ್ಲಿ ಮೀಡಿಯಾಟೆಕ್ ಅದನ್ನು ಕೊಂಡುಕೊಂಡಿತು. ಅಮೆರಿಕದ ಅಥೆರೋಸ್ ಅದೇ ವರ್ಷ ಕ್ವಾಲ್‌ಕಾಮ್‌ನ ಪಾಲಾಯಿತು. ಹೀಗಾಗಿ ಬೇರೆ ಬೇರೆ ಹೆಸರಿನ ಎರಡು ಡಬ್ಬಿಗಳಲ್ಲಿ ಒಂದೇ ಚಿಪ್ ಇರಬಹುದು. ಒಂದೇ ಹೆಸರಿನ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ಚಿಪ್ ಕೂಡ ಇರಬಹುದು. ಕೊಳ್ಳುವವರಿಗೆ ಹೆಚ್ಚು ತೊಂದರೆ ಕೊಡುವುದು ಈ ಎರಡನೆಯದು.

ಟಿಪಿ-ಲಿಂಕ್‌ನ ‘ಟಿಎಲ್-ಡಬ್ಲ್ಯುಎನ್722ಎನ್’ ಎಂಬ ಮಾದರಿಯನ್ನೇ ನೋಡಿ. ವಿಂಡೋಸ್ ಬದಲು ಲಿನಕ್ಸ್ ಬಳಸುವವರ ನಡುವೆ ಅದಕ್ಕೆ ದೊಡ್ಡ ಹೆಸರಿತ್ತು. ಮೊದಲ ಆವೃತ್ತಿಯೊಳಗೆ ಇದ್ದದ್ದು ಅಥೆರೋಸ್‌ನ ಎಆರ್9271 ಚಿಪ್. ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇತ್ತು. ಚಿಪ್‌ನೊಳಗೆ ಓಡುವ ಫರ್ಮ್‌ವೇರ್‌ನ ಮೂಲವನ್ನೂ ಕ್ವಾಲ್‌ಕಾಮ್ ಅಥೆರೋಸ್ 2013ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟಿತು. ಎರಡನೆಯ ಆವೃತ್ತಿ ಬಂದಾಗ ಒಳಗೆ ರಿಯಲ್‌ಟೆಕ್‌ನ ಆರ್‌ಟಿಎಲ್8188ಇಯುಎಸ್ ಚಿಪ್ ಕೂತಿತು. ಮಾದರಿಯ ಹೆಸರು ಬದಲಾಗಲಿಲ್ಲ. ಆವೃತ್ತಿಯ ಸಂಖ್ಯೆ ಸ್ಟಿಕ್ಕರಿನ ಮೇಲೆ ಸಣ್ಣಕ್ಷರದಲ್ಲಿದ್ದರೂ ಅದನ್ನು ನೋಡಿ ಕೊಳ್ಳುವವರು ಎಷ್ಟು ಮಂದಿ? ಗೆಳೆಯರು ಹೇಳಿದ ಮಾದರಿಯನ್ನೇ ತಂದವರು ತಮ್ಮ ಯಂತ್ರದಲ್ಲಿ ಅದು ಓಡದಿದ್ದಾಗ ದೋಷ ಕಂಪ್ಯೂಟರಿನದೇ ಎಂದುಕೊಂಡರು.

ಕಂಪ್ಯೂಟರಿಗೆ ವಯಸ್ಸಾಯಿತೆಂದು ನಾವು ತೀರಾ ಬೇಗ ಹೇಳಿಬಿಡುತ್ತೇವೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದರ ಈಚಿನದೋ ಆಗಬೇಕು. ಇಷ್ಟಾದರೂ ಕನ್ನಡದಲ್ಲಿ ನಾಲ್ಕು ಪುಟ ಬೆರಳಚ್ಚು ಮಾಡಲು, ಮೇಲ್ ಕಳಿಸಲು, ಪಹಣಿ ನೋಡಲು ಹದಿನೈದು ವರ್ಷದ ಹಿಂದಿನ ಯಂತ್ರ ಸಾಕು. ಅದಕ್ಕೆ ಕೊರತೆಯಿರುವುದು ಜಗತ್ತಿನ ಜೊತೆ ಸಂಪರ್ಕ ಮಾತ್ರ. ಹಿಂದೆ ಬ್ರಾಡ್‌ಬ್ಯಾಂಡ್ ಎಂದರೆ ಮೋಡೆಮ್‌ನಿಂದ ಕಂಪ್ಯೂಟರಿಗೆ ಎಳೆದ ಕೇಬಲ್ಲು. ಈಗ ಫೈಬರ್ ಬಂದು ಹಜಾರದ ಗೋಡೆಗೆ ರೌಟರ್ ತೂಗುಹಾಕುತ್ತಾರೆ, ಕಂಪ್ಯೂಟರು ಇರುವುದು ಒಳಗಿನ ಕೋಣೆಯಲ್ಲಿ.

ತಿಪಟೂರಿನಲ್ಲಿರುವ ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರ ಮನೆಯಲ್ಲೂ ಇದೇ ಸ್ಥಿತಿ. ಅವರದು ಕೋರ್ 2 ಡ್ಯುಯೊ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಬಿಟ್ ವಿಂಡೋಸ್ 7 ಇರುವ ಯಂತ್ರ. ನಿವೃತ್ತಿಯ ನಂತರ ಸುತ್ತಲಿನ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲು, ಊರಹಬ್ಬಗಳ ಬಗ್ಗೆ ಬರೆದಿಟ್ಟದ್ದೆಲ್ಲ ಅದರಲ್ಲಿ ‘ನುಡಿ’ ತಂತ್ರಾಂಶದ ಕಡತಗಳಾಗಿ ಕೂತಿದೆ. ಕೈ ಪಳಗಿರುವುದು ನುಡಿಯ ಕೀಲಿಮಣೆಗೆ, ಫೋನಿನಲ್ಲಿ ಅವರಿಗೆ ಬರೆಯಲಾಗದು. ಲೇಖನ ಕಳಿಸಬೇಕೆಂದರೆ ಪೆನ್‌ಡ್ರೈವ್ ಹಿಡಿದು ಬಸ್‌ಸ್ಟ್ಯಾಂಡ್ ಪಕ್ಕದ ಡಿಟಿಪಿ ಅಂಗಡಿಗೆ ಹೋಗುತ್ತಿದ್ದರು. ಮೊಮ್ಮಗ ಬೆಂಗಳೂರಿನಿಂದ ಅಡಾಪ್ಟರ್ ತಂದುಕೊಟ್ಟ. ಸಿಕ್ಕಿಸಿದಾಗ ‘ಟಣ್’ ಎಂಬ ಸದ್ದು ಬಂತು, ಚಿಕ್ಕ ನೀಲಿ ದೀಪವೂ ಹತ್ತಿತು, ಇಂಟರ್‌ನೆಟ್ ಮಾತ್ರ ಬರಲಿಲ್ಲ. “ಇದಕ್ಕೆ ವಯಸ್ಸಾಯ್ತು ಕಣಪ್ಪ, ತೂಕಕ್ಕೆ ಹಾಕ್ಬಿಡೋಣ ಅಂತಾರೆ ಮನೇಲಿ. ನೀನೊಂದ್ಸಲ ನೋಡು” ಎಂದು ನನ್ನನ್ನು ಕರೆದರು.

ಇಂಥ ಕಡೆ ಮೊದಲು ತೆರೆಯಬೇಕಾದದ್ದು ಡಿವೈಸ್ ಮ್ಯಾನೇಜರ್. ‘ಅದರ್ ಡಿವೈಸಸ್’ ಎಂಬಲ್ಲಿ ಹಳದಿ ಗುರುತಿನೊಂದಿಗೆ ಒಂದು ಸಾಲು ಇತ್ತು. ಅದರ ಪ್ರಾಪರ್ಟೀಸ್ ತೆಗೆದರೆ ಕೋಡ್ 28, ಅಂದರೆ ಡ್ರೈವರ್ ಇಲ್ಲ. ಇದು ಒಳ್ಳೆಯ ಸುದ್ದಿ. ಅಡಾಪ್ಟರ್ ಸತ್ತಿಲ್ಲ, ಅದರ ಜೊತೆ ಹೇಗೆ ವ್ಯವಹರಿಸಬೇಕೆಂಬ ತಂತ್ರಾಂಶ ವಿಂಡೋಸ್ ಬಳಿ ಇಲ್ಲ, ಅಷ್ಟೆ. ಅದೇ ಕಿಟಕಿಯಲ್ಲಿ ‘ಡೀಟೇಲ್ಸ್’ಗೆ ಹೋಗಿ, ಕೆಳಗೆ ಜಾರುವ ಪಟ್ಟಿಯಲ್ಲಿ ‘ಹಾರ್ಡ್‌ವೇರ್ ಐಡಿಸ್’ ಆರಿಸಿದರೆ ನಮಗೆ ಬೇಕಾದ ಸಾಲು ಬರುತ್ತದೆ. ಮೇಷ್ಟ್ರ ಪರದೆಯ ಮೇಲೆ ಬಂದದ್ದು ವಿಐಡಿ 148ಎಫ್, ಪಿಐಡಿ 7601.

“ಏನಿದು, ರಿಜಿಸ್ಟರ್ ನಂಬರ್ ಇದ್ದ ಹಾಗಿದೆಯಲ್ಲ?” ಎಂದರು. ಹೆಚ್ಚುಕಡಿಮೆ ಅದೇ. ಯುಎಸ್‌ಬಿ ಸಾಧನಗಳೆಲ್ಲ ಸಿಕ್ಕಿಸಿದ ಕೂಡಲೇ ಕಂಪ್ಯೂಟರಿಗೆ ಎರಡು ಸಂಖ್ಯೆ ಹೇಳುತ್ತವೆ. ಮೊದಲನೆಯದು ತಯಾರಕರದು, ಎರಡನೆಯದು ಆ ವಸ್ತುವಿನದು. ದೊಡ್ಡ ಬ್ರ್ಯಾಂಡ್‌ಗಳು ತಮ್ಮದೇ ತಯಾರಕ ಸಂಖ್ಯೆ ಹಾಕಿಕೊಳ್ಳುವುದುಂಟು, ಟಿಪಿ-ಲಿಂಕ್‌ನದು 2357. ಹೆಸರಿಲ್ಲದ ಅಗ್ಗದ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಚಿಪ್ ಕಂಪನಿಯ ಸಂಖ್ಯೆಯನ್ನೇ ಉಳಿಸಿರುತ್ತಾರೆ, ಇದು ನಮಗೆ ಅನುಕೂಲ. 0ಬಿಡಿಎ ಎಂದರೆ ರಿಯಲ್‌ಟೆಕ್, 0ಸಿಎಫ್3 ಎಂದರೆ ಅಥೆರೋಸ್, 148ಎಫ್ ಎಂದರೆ ಹಳೆಯ ರಾಲಿಂಕ್. 148ಎಫ್ ಮತ್ತು 7601 ಜೊತೆಯಾಗಿ ಬಂದರೆ ಒಳಗಿರುವುದು ಮೀಡಿಯಾಟೆಕ್‌ನ ಎಂಟಿ7601ಯು. ಡಬ್ಬಿ ಮುಚ್ಚಿಟ್ಟದ್ದನ್ನು ಅಡಾಪ್ಟರ್ ತಾನಾಗಿಯೇ ಹೇಳಿತ್ತು.

ಇನ್ನು ಡ್ರೈವರ್ ತರಬೇಕು. ಡಬ್ಬಿಯಲ್ಲಿ ಅಂಗೈಯಗಲದ ಪುಟ್ಟ ಸಿ.ಡಿ. ಇತ್ತು. ಮೇಷ್ಟ್ರ ಯಂತ್ರದ ಸಿ.ಡಿ. ಡ್ರೈವ್ ಅದನ್ನು ಕರಕರ ತಿರುಗಿಸಿ ಓದಲಾರದೆ ಹೊರಗೆ ತಳ್ಳಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಡ್ರೈವೇ ಇಲ್ಲ. ಇಂಟರ್‌ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ತರಲು ಇಂಟರ್‌ನೆಟ್ ಬೇಕು. ಬಹಳ ಜನ ಕೈಚೆಲ್ಲುವುದು ಇಲ್ಲೇ. ಆದರೆ ಪ್ರತಿ ಮನೆಯಲ್ಲೂ ಈಗ ಇದಕ್ಕೊಂದು ದಾರಿಯಿದೆ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಒತ್ತಿದರೆ ಫೋನಿನ ಸಂಪರ್ಕ ಕಂಪ್ಯೂಟರಿಗೂ ಸಿಗುತ್ತದೆ. ಫೋನ್ ಮನೆಯ ವೈ-ಫೈಯಲ್ಲಿದ್ದರೆ ಅದೇ ವೈ-ಫೈ ಕೇಬಲ್ಲಿನಲ್ಲಿ ಹಾದು ಬರುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಅದೂ ಆಗದಿದ್ದರೆ ಡ್ರೈವರನ್ನು ಫೋನಿಗೇ ಇಳಿಸಿಕೊಂಡು ಕೇಬಲ್ಲಿನಲ್ಲಿ ದಾಟಿಸಬಹುದು. ಮೇಷ್ಟ್ರ ಮನೆಯಲ್ಲಿ ಮಾಡಿದ್ದು ಇದನ್ನೇ.

ಎಲ್ಲಿಂದ ಇಳಿಸಿಕೊಳ್ಳಬೇಕು ಎಂಬುದರಲ್ಲಿ ಎಚ್ಚರ ಬೇಕು. ‘ಡ್ರೈವರ್ ಉಚಿತ’ ಎಂದು ಹಸಿರು ಗುಂಡಿ ತೋರಿಸುವ ತಾಣಗಳ ಹತ್ತಿರ ಸುಳಿಯಬೇಡಿ. ಡ್ರೈವರ್ ಹೆಸರಿನಲ್ಲಿ ಬೇಡದ ಹತ್ತು ತಂತ್ರಾಂಶಗಳು ಒಳನುಗ್ಗುವುದು ಅಲ್ಲಿಂದ. ಬ್ರ್ಯಾಂಡಿನ ಅಥವಾ ಚಿಪ್ ಕಂಪನಿಯ ಸ್ವಂತ ತಾಣದಲ್ಲಿ ನೋಡಿ. ಸಿಗದಿದ್ದರೆ ಮೈಕ್ರೋಸಾಫ್ಟ್‌ನ ‘ಅಪ್‌ಡೇಟ್ ಕ್ಯಾಟಲಾಗ್’ ಇದೆ, ಅಲ್ಲಿ ಮಾದರಿಯ ಹೆಸರಿನ ಬದಲು ಆ ವಿಐಡಿ-ಪಿಐಡಿ ಸಾಲನ್ನೇ ಹಾಕಿ ಹುಡುಕಬಹುದು. ಸಿಗುವ ಕ್ಯಾಬ್ ಕಡತವನ್ನು ತೆರೆದು ಒಳಗಿನದನ್ನು ಒಂದು ಫೋಲ್ಡರಿಗೆ ಹಾಕಬೇಕು. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ‘ಅಪ್‌ಡೇಟ್ ಡ್ರೈವರ್’ ಒತ್ತಿ, ತಾನಾಗಿ ಹುಡುಕು ಎನ್ನದೆ, ಆ ಫೋಲ್ಡರನ್ನು ನಾವೇ ತೋರಿಸಬೇಕು.

ತೋರಿಸಿದೆವು. ಕೋಡ್ 28 ಹೋಗಿ ಕೋಡ್ 52 ಬಂತು. 64 ಬಿಟ್ ವಿಂಡೋಸ್‌ನಲ್ಲಿ ಡ್ರೈವರ್‌ಗೆ ಡಿಜಿಟಲ್ ಸಹಿ ಇರಲೇಬೇಕು. ಸಹಿ ಹಾಕುವ ಹಳೆಯ ವಿಧಾನ ಎಸ್‌ಎಚ್‌ಎ-1, ಅದು ದುರ್ಬಲವೆಂದು ತಿಳಿದ ಮೇಲೆ ಎಲ್ಲರೂ ಎಸ್‌ಎಚ್‌ಎ-2ಗೆ ಬದಲಾದರು. ಅಪ್‌ಡೇಟ್ ಕಾಣದ ವಿಂಡೋಸ್ 7ಕ್ಕೆ ಈ ಹೊಸ ಸಹಿಯನ್ನು ಓದಲು ಬರುವುದಿಲ್ಲ. ಸರಿಯಾದ ಡ್ರೈವರ್ ಕೈಯಲ್ಲೇ ಇದ್ದರೂ ನಂಬುವುದಿಲ್ಲ. ಇದಕ್ಕೆಂದೇ 2015ರ ಮಾರ್ಚ್‌ನಲ್ಲಿ ಕೆಬಿ3033929 ಎಂಬ ಅಪ್‌ಡೇಟ್ ಬಂದಿತ್ತು, ಸರ್ವಿಸ್ ಪ್ಯಾಕ್ 1 ಇರುವ ಯಂತ್ರಗಳಿಗೆ ಹಾಕಬಹುದು. ಇಂಥ ವೇಳೆ ಸಹಿಯ ತಪಾಸಣೆಯನ್ನೇ ಆರಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಅಡಾಪ್ಟರಿಗಾಗಿ ಮನೆಯ ಮುಂಬಾಗಿಲಿನ ಚಿಲಕ ಕೀಳಿಸಿದಂತೆ ಅದು. ಅದೇ ಕ್ಯಾಟಲಾಗ್‌ನಿಂದ ಆ ಅಪ್‌ಡೇಟ್ ಇಳಿಸಿ, ಹಾಕಿ, ಯಂತ್ರವನ್ನು ಮರುಚಾಲೂ ಮಾಡಿದಾಗ ಹಳದಿ ಗುರುತು ಅಳಿಸಿತ್ತು. ಬಲಗಡೆ ಮೂಲೆಯಲ್ಲಿ ಅಕ್ಕಪಕ್ಕದ ಮನೆಯವರ ವೈ-ಫೈ ಹೆಸರುಗಳೆಲ್ಲ ಸಾಲಾಗಿ ನಿಂತವು.

ಮೇಷ್ಟ್ರು ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಸಂಪರ್ಕ ಬಂತು, ಆದರೂ ಯಾವ ತಾಣವೂ ತೆರೆಯಲಿಲ್ಲ. ಎಲ್ಲದಕ್ಕೂ ‘ಪ್ರಮಾಣಪತ್ರ ಸರಿಯಿಲ್ಲ’ ಎಂಬ ಎಚ್ಚರಿಕೆ. ಹಳೆಯ ಯಂತ್ರವೆಂದಾಗ ಇದೊಂದನ್ನು ಮರೆಯಬಾರದು, ಗಡಿಯಾರ ನೋಡಿ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್, ಸಿಆರ್2032, ಬರಿದಾದರೆ ಕರೆಂಟ್ ಹೋದಾಗಲೆಲ್ಲ ಯಂತ್ರ ತನ್ನ ಹುಟ್ಟಿದ ವರ್ಷಕ್ಕೆ ಮರಳುತ್ತದೆ. ಅಲ್ಲಿ ವರ್ಷ 2009 ಎಂದಿತ್ತು. ಇಂದಿನ ತಾಣಗಳ ಪ್ರಮಾಣಪತ್ರಗಳು ಆ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ, ಬ್ರೌಸರ್ ಹೇಗೆ ತಾನೇ ಒಪ್ಪೀತು? ದಿನಾಂಕ ಸರಿಮಾಡಿದಾಗ ತೆರೆಯಿತು. ವಾಚ್ ರಿಪೇರಿ ಅಂಗಡಿಯಲ್ಲೇ ಆ ಸೆಲ್ ಸಿಗುತ್ತದೆ. ಅಡಾಪ್ಟರ್ ಕೆಟ್ಟಿದೆಯೆಂದು ಹಿಂದಿರುಗಿಸುವ ಮೊದಲು ಅದನ್ನೊಮ್ಮೆ ಬದಲಿಸಿ.

ಇನ್ನು ಸಿಗ್ನಲ್ಲಿನ ಮಾತು. ಮೇಷ್ಟ್ರದು ಹಳೆಯ ಮಣ್ಣಿನ ಗೋಡೆಯ ಮನೆ, ಗೋಡೆಯ ದಪ್ಪ ಒಂದೂವರೆ ಅಡಿ. ಸಿಪಿಯು ಇದ್ದದ್ದು ಮೇಜಿನ ಕೆಳಗೆ, ಅಡಾಪ್ಟರ್ ಅದರ ಬೆನ್ನಿಗೆ, ಅದರಾಚೆ ಕಬ್ಬಿಣದ ಬೀರು. ಕಬ್ಬಿಣ ರೇಡಿಯೊ ಅಲೆಯನ್ನು ಹಾಯಗೊಡುವುದಿಲ್ಲ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಉಗುರಿನಷ್ಟು ಅಡಾಪ್ಟರಿನಲ್ಲಿ ಅದರ ಆಂಟೆನಾ ಮಡಚಿ ಮುದುಡಿ ಕೂತಿರುತ್ತದೆ. ಅಂಥದ್ದನ್ನು ತಗಡಿನ ಪೆಟ್ಟಿಗೆಗೆ ಒತ್ತರಿಸಿ ಇಟ್ಟರೆ ಅದು ಏನನ್ನು ಕೇಳಿಸಿಕೊಂಡೀತು? ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಅಡಾಪ್ಟರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಾಗ ಒಂದು ಗೆರೆಯಿದ್ದ ಸಿಗ್ನಲ್ ನಾಲ್ಕಕ್ಕೇರಿತು. ಹೆಚ್ಚು ದುಡ್ಡು ಕೊಟ್ಟು ಉದ್ದ ಆಂಟೆನಾದ ಅಡಾಪ್ಟರ್ ಕೊಳ್ಳುವ ಮುಂಚೆ ಈ ಕೇಬಲ್ಲನ್ನು ಪ್ರಯತ್ನಿಸಿ ನೋಡಿ.

ಯುಎಸ್‌ಬಿ 3.0 ಇರುವ ಯಂತ್ರಗಳಲ್ಲಿ ಆ ಕೇಬಲ್ಲಿಗೆ ಇನ್ನೊಂದು ಕೆಲಸವೂ ಇದೆ. ಯುಎಸ್‌ಬಿ 3.0ರಲ್ಲಿ ದತ್ತಾಂಶ ಹರಿಯುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆಯೇ ಬೀಳುತ್ತದೆ ಎಂದು ಇಂಟೆಲ್ 2012ರಲ್ಲಿ ಅಳತೆ ಮಾಡಿ ತೋರಿಸಿದೆ. ಪಕ್ಕದಲ್ಲಿ ಹಾರ್ಡ್‌ಡಿಸ್ಕ್ ಓಡುತ್ತಿದ್ದರೆ ವೈ-ಫೈ ಕುಂಟುವುದು ಅದಕ್ಕೇ. ಆಗಾಗ ಕಡಿದುಹೋಗಿ ತಾನೇ ಬರುತ್ತಿದ್ದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಸಿಕ್ಕಿಸಿ, ಹಿಂದಿನವು ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತವೆ. ‘ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು’ ಎಂಬ ಟಿಕ್ ಡಿವೈಸ್ ಮ್ಯಾನೇಜರ್‌ನಲ್ಲಿದೆ, ಅದನ್ನು ತೆಗೆಯಿರಿ.

ಕೆಲವರಿಗೆ ಅಕ್ಕಪಕ್ಕದ ವೈ-ಫೈ ಕಾಣುತ್ತದೆ, ತಮ್ಮದೇ ಕಾಣದು. ಅಗ್ಗದ ಅಡಾಪ್ಟರಿಗೆ 5 ಗಿಗಾಹರ್ಟ್ಸ್ ಗೊತ್ತಿಲ್ಲ, ರೌಟರ್‌ನಲ್ಲಿ 2.4 ಚಾಲೂ ಇರಬೇಕು. ನಮ್ಮಲ್ಲಿ 2.4ರ ಚಾನೆಲ್‌ಗಳು 13, ಅಮೆರಿಕಕ್ಕೆಂದು ಹೊಂದಿಸಿದ ಅಡಾಪ್ಟರ್ 11ಕ್ಕೇ ನಿಲ್ಲುತ್ತದೆ. ಭದ್ರತೆ ಬರೀ ಡಬ್ಲ್ಯುಪಿಎ3ಗೆ ಇದ್ದರೆ ವಿಂಡೋಸ್ 7 ಸೇರಲಾರದು, ಡಬ್ಲ್ಯುಪಿಎ2 ಸೇರಿಸಿಕೊಳ್ಳಬೇಕು. ಇದಕ್ಕಾಗಿ ಯಾರೂ ಪಾಸ್‌ವರ್ಡನ್ನೇ ತೆಗೆದುಹಾಕಬಾರದು.

ಮೇಷ್ಟ್ರ ಅಡಾಪ್ಟರನ್ನು ಅದೇ ಯಂತ್ರದಲ್ಲಿ ಇನ್ನೊಂದು ರೀತಿಯಲ್ಲೂ ಓಡಿಸಿ ನೋಡಿದೆ. ಲಿನಕ್ಸ್ ಮಿಂಟ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಿದರೆ ಹಾರ್ಡ್‌ಡಿಸ್ಕಿನಲ್ಲಿರುವುದಕ್ಕೆ ಕೈಹಚ್ಚದೆ ಅದನ್ನು ಪರೀಕ್ಷಿಸಬಹುದು. ಸಿ.ಡಿ. ಬೇಕಾಗಲಿಲ್ಲ, ಕ್ಯಾಟಲಾಗ್ ಬೇಕಾಗಲಿಲ್ಲ, ಪರದೆ ಬಂದಾಗಲೇ ವೈ-ಫೈ ಹೆಸರುಗಳು ಬಂದಿದ್ದವು. ಮೇಷ್ಟ್ರಿಗೆ ಅಚ್ಚರಿ: “ಅದು ಕಂಪನಿಯವರ ಡ್ರೈವರ್ ಅಲ್ಲವೇ? ಇದಕ್ಕೆ ಯಾರು ಬರೆದುಕೊಟ್ಟರು?”

ಆ ಪ್ರಶ್ನೆಗೆ ಉತ್ತರವಿದೆ. ಎಂಟಿ7601ಯು ಚಿಪ್‌ನ ಡ್ರೈವರನ್ನು ಲಿನಕ್ಸ್ ಕರ್ನಲ್‌ಗೆ ಹೊಂದುವಂತೆ ಬರೆದು ಸೇರಿಸಿದವರು ಯಾಕುಬ್ ಕಿಚಿನ್‌ಸ್ಕಿ. 2015ರ 4.2ನೇ ಆವೃತ್ತಿಯಿಂದ ಅದು ಅಲ್ಲಿದೆ. ರಿಯಲ್‌ಟೆಕ್ ಚಿಪ್‌ಗಳ ವಿಷಯದಲ್ಲಾದರೆ ಲ್ಯಾರಿ ಫಿಂಗರ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಅವರು ಮೂಲತಃ ಕಂಪ್ಯೂಟರಿನವರಲ್ಲ. ವಾಷಿಂಗ್ಟನ್‌ನ ಕಾರ್ನೆಗಿ ಸಂಸ್ಥೆಯ ಭೂಭೌತ ಪ್ರಯೋಗಾಲಯದಲ್ಲಿ ಖನಿಜಗಳ ಸ್ಫಟಿಕ ರಚನೆಯನ್ನು ಅಭ್ಯಾಸ ಮಾಡಿದ ವಿಜ್ಞಾನಿ. ಎಲ್ ಸಾಲ್ವಡೋರ್‌ನ ಇಸಾಲ್ಕೊ ಜ್ವಾಲಾಮುಖಿಯಲ್ಲಿ ಸಿಕ್ಕ ಒಂದು ಖನಿಜಕ್ಕೆ ಅವರ ಗೌರವಾರ್ಥ ‘ಫಿಂಗರೈಟ್’ ಎಂದು ಹೆಸರಿಟ್ಟಿದ್ದಾರೆ. ಅಂಥವರು ನಂತರದ ವರ್ಷಗಳಲ್ಲಿ ಬ್ರಾಡ್‌ಕಾಮ್ ಮತ್ತು ರಿಯಲ್‌ಟೆಕ್ ವೈ-ಫೈ ಚಿಪ್‌ಗಳ ಡ್ರೈವರ್‌ಗಳನ್ನು ಸ್ವಯಂಸೇವಕರಾಗಿ ತಿದ್ದಿ ಕಾಪಾಡಿದರು. ಹಳೆಯ ಕರ್ನಲ್‌ನಲ್ಲೇ ಉಳಿದವರಿಗೆಂದು ಪ್ರತ್ಯೇಕ ಪ್ರತಿಗಳನ್ನೂ ಇಟ್ಟಿದ್ದರು. 2024ರ ಜೂನ್‌ನಲ್ಲಿ ತೀರಿಕೊಂಡರು. ಇದನ್ನು ಕೇಳಿದ ಮೇಷ್ಟ್ರು ತಮ್ಮ ವೀರಗಲ್ಲಿನ ಟಿಪ್ಪಣಿ ಪುಸ್ತಕದ ಹಿಂಬದಿಯಲ್ಲಿ ಆ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡರು.

ಡ್ರೈವರ್ ಬರೆಯುವ ಇಂಥವರ ಕೆಲಸ ಕಷ್ಟವಾದದ್ದು ಚಿಪ್ ಜಟಿಲ ಎಂಬ ಕಾರಣಕ್ಕಷ್ಟೇ ಅಲ್ಲ. ಅದರ ವಿವರಗಳನ್ನು ಕಂಪನಿಗಳು ಬಚ್ಚಿಟ್ಟದ್ದೂ ಕಾರಣ. ಬ್ರಾಡ್‌ಕಾಮ್ ಚಿಪ್‌ಗಳಿಗೆ ಮೊದಲು ಡ್ರೈವರ್ ಬರೆದವರು ಕಂಪನಿಯ ಮುಚ್ಚಿದ ಡ್ರೈವರನ್ನು ಬಿಚ್ಚಿ, ಒಳಗೆ ಏನು ನಡೆಯುತ್ತದೆಂದು ಊಹಿಸಿ, ಪರೀಕ್ಷಿಸಿ ಬರೆಯಬೇಕಾಯಿತು. ಕಂಪನಿ ತಾನಾಗಿ ಮುಕ್ತ ಡ್ರೈವರ್ ಬಿಟ್ಟದ್ದು 2010ರಲ್ಲಿ. ಅಷ್ಟು ವರ್ಷ ಕೆಲವರು ‘ಎನ್‌ಡಿಐಎಸ್‌ವ್ರ್ಯಾಪರ್’ ಎಂಬ ಉಪಾಯದಿಂದ ವಿಂಡೋಸ್ ಡ್ರೈವರನ್ನೇ ಲಿನಕ್ಸ್‌ನೊಳಗೆ ಓಡಿಸಿಕೊಂಡು ದಿನ ದೂಡಿದರು.

ಚಿಪ್‌ನ ಹೆಸರು ಡಬ್ಬಿಯ ಮೇಲೆ ಇರಲೇಬೇಕು ಎಂದು ನಾನು ಹೇಳುವುದು ಇದಕ್ಕಾಗಿ. ಪೊಟ್ಟಣ ಕಟ್ಟಿದ ಸರಕುಗಳ ಬಗ್ಗೆ ನಮ್ಮಲ್ಲಿ 2011ರ ಕಾನೂನು ಮಾಪನ ನಿಯಮಗಳಿವೆ. ಆಮದುದಾರರ ಹೆಸರು, ಗರಿಷ್ಠ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ, ಎಲ್ಲವನ್ನೂ ಅಚ್ಚು ಹಾಕುವುದು ಅವುಗಳಿಂದಾಗಿಯೇ. ಔಷಧದ ಪಟ್ಟಿಯ ಮೇಲೆ ಬ್ರ್ಯಾಂಡಿನ ಜೊತೆ ಒಳಗಿರುವ ಮದ್ದಿನ ಹೆಸರನ್ನೂ ಕಾನೂನು ಬರೆಸುತ್ತದೆ. ವೈ-ಫೈ ಅಡಾಪ್ಟರಿನ ಮೇಲೆ ಚಿಪ್‌ನ ಹೆಸರು ಮತ್ತು ಆ ಎರಡು ಸಂಖ್ಯೆಗಳನ್ನು ಬರೆದರೆ ಯಾರಿಗೂ ನಷ್ಟವಿಲ್ಲ. ಅಂಗಡಿಯವನಿಗೆ ವಾಪಸಾಗುವ ಮಾಲು ಕಡಿಮೆಯಾಗುತ್ತದೆ, ಕೊಳ್ಳುವವರು ಮೊದಲೇ ನೋಡಿಕೊಳ್ಳಬಹುದು. ಒಂದೇ ಮಾದರಿಯ ಹೆಸರಿನಲ್ಲಿ ಒಳಗಿನದನ್ನು ಬದಲಿಸಿದರೆ ಅದೂ ತಿಳಿಯುತ್ತದೆ.

ಅಲ್ಲಿಯವರೆಗೆ ಕೇಳಿಯೇ ಕೊಳ್ಳಬೇಕು. ಲಿನಕ್ಸ್‌ನಲ್ಲಿ ಓಡಿಸುವವರಿಗೆ ಮೀಡಿಯಾಟೆಕ್‌ನ ಎಂಟಿ7601ಯು ಅಗ್ಗದ್ದು, ನಂಬಬಹುದಾದದ್ದು. 5 ಗಿಗಾಹರ್ಟ್ಸ್ ಬೇಕಾದರೆ ಎಂಟಿ7610ಯು ಅಥವಾ ಎಂಟಿ7612ಯು ನೋಡಿ. ಕೆಲವು ರಿಯಲ್‌ಟೆಕ್ ಅಡಾಪ್ಟರ್‌ಗಳು ಸಿಕ್ಕಿಸಿದಾಗ ಮೊದಲು ಸಿ.ಡಿ. ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತವೆ, ಸಂಖ್ಯೆ 0ಬಿಡಿಎ, 1ಎ2ಬಿ. ಹಿಂದಿನ ಟಾಟಾ ಫೋಟಾನ್ ಕಾಲದ ಡೇಟಾಕಾರ್ಡ್‌ಗಳನ್ನು ಬಳಸಿದವರಿಗೆ ಈ ವೇಷ ಗೊತ್ತು. ವಿಂಡೋಸ್‌ನಲ್ಲಿ ಆ ಡ್ರೈವ್ ತೆರೆದರೆ ಡ್ರೈವರ್ ಅಲ್ಲೇ ಇರುತ್ತದೆ. ಲಿನಕ್ಸ್‌ನಲ್ಲಿ ‘ಇಜೆಕ್ಟ್’ ಕೊಟ್ಟರೆ ಸಾಮಾನ್ಯವಾಗಿ ನಿಜರೂಪಕ್ಕೆ ಬರುತ್ತದೆ. ‘600 ಎಂಬಿಪಿಎಸ್’ ಎಂಬುದನ್ನು ನೋಡಿ ಮರುಳಾಗಬೇಡಿ, ಅದು 5 ಗಿಗಾಹರ್ಟ್ಸ್‌ನ 433 ಮತ್ತು 2.4ರ 150 ಕೂಡಿಸಿ ದುಂಡಗೆ ಮಾಡಿದ ಲೆಕ್ಕ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಮೇಷ್ಟ್ರ ಯಂತ್ರದಲ್ಲಿ ಈಗ ವಿಂಡೋಸ್, ಲಿನಕ್ಸ್ ಎರಡೂ ಇವೆ. ನುಡಿ ಇರುವುದು ವಿಂಡೋಸ್ 7ರಲ್ಲಿ, ಆದ್ದರಿಂದ ಬರವಣಿಗೆ ಅಲ್ಲಿ. ವಿಂಡೋಸ್ 7ಕ್ಕೆ ಕ್ರೋಮ್ 109ನೇ ಆವೃತ್ತಿಗೇ ನಿಂತಿದೆ, ಫೈರ್‌ಫಾಕ್ಸ್‌ನಲ್ಲಿ 115ರ ದೀರ್ಘಾವಧಿ ಆವೃತ್ತಿಯೇ ಕೊನೆಯದು. ಬೆಂಬಲ ನಿಂತ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರ ಬೇಡವೆಂದು ಹೇಳಿದ್ದೇನೆ. ಮೇಲ್, ಪಹಣಿ, ಪತ್ರಿಕೆ ಓದುವುದು ಎಲ್ಲ ಲಿನಕ್ಸ್ ಕಡೆಗೆ. ನುಡಿಯ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಕೆಲಸ ಸಾಗಿದೆ, ಒತ್ತಕ್ಷರಗಳು ಕೆಲವು ಕಡೆ ಕಲಸಿಹೋಗುತ್ತವೆ, ಮೇಷ್ಟ್ರು ಒಂದೊಂದನ್ನೂ ಕೂತು ತಿದ್ದುತ್ತಾರೆ. ಮೊನ್ನೆ ಫೋನ್ ಮಾಡಿ, ಅಟ್ಟದ ಮೇಲಿದ್ದ ಹಳೆಯ ಪ್ರಿಂಟರ್ ಕೆಳಗಿಳಿಸಿದ್ದೇನೆ ಎಂದರು. ಅದರ ವಿಐಡಿ, ಪಿಐಡಿಗಳನ್ನು ಆಗಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು, ಓದಿ ಹೇಳಿದರು.